ಹೆಸರಿಲ್ಲದ ಚೀಟಿಗಳು

ಪತ್ರ: ಮಗಳ ಪಿಯು ಕಾಲೇಜಿನಲ್ಲಿ ಏಡ್ಸ್ ಬಗ್ಗೆ ಭಾಷಣ ಇಟ್ಟಿದ್ದರಂತೆ. ಕಾಂಡೋಮ್ ವಿಷಯವೂ ಬಂತು ಅಂತ ಮನೆಗೆ ಬಂದು ಹೇಳಿದಳು. ಹದಿನಾರರ ಹುಡುಗಿಗೆ ಇದೆಲ್ಲ ಈಗಲೇ ಬೇಕಾ? ಇಲ್ಲದ ಯೋಚನೆ ತಲೆಗೆ ತುಂಬಿದ ಹಾಗಾಗಲ್ವಾ?
– ಓದುಗಿ, ಮಂಡ್ಯ

ಉತ್ತರ: ತಾಯಿ, ಯಾವ ವಯಸ್ಸಿಗೆ ಎಷ್ಟು ಹೇಳಬೇಕು ಅನ್ನುವ ಲೆಕ್ಕ ಇರಬೇಕು, ಒಪ್ಪುತ್ತೇನೆ. ಆದರೆ ಹದಿನಾರಕ್ಕೆ ಬೇಗ ಆಯಿತು ಅನ್ನುವುದನ್ನು ಒಪ್ಪಲಾರೆ.

ಕೆಲವು ವರ್ಷದ ಹಿಂದೆ, ಡಿಸೆಂಬರ್ 1ರ ಏಡ್ಸ್ ದಿನಕ್ಕೆ ಮೈಸೂರಿನ ಕಾಲೇಜೊಂದಕ್ಕೆ ನನ್ನನ್ನು ಕರೆದಿದ್ದರು. ಪ್ರಶ್ನೆ ಕೇಳಿ ಅಂದರೆ ಒಂದು ಕೈಯೂ ಮೇಲೇಳಲಿಲ್ಲ. ಜೊತೆಗೆ ಬಂದಿದ್ದ ಆಪ್ತಸಮಾಲೋಚಕಿ ಖಾಲಿ ಸ್ವೀಟ್ ಡಬ್ಬವೊಂದನ್ನು ಬೆಂಚಿನಿಂದ ಬೆಂಚಿಗೆ ದಾಟಿಸಿದರು, ಹೆಸರು ಬರೆಯದೆ ಚೀಟಿ ಹಾಕಿ ಅಂತ. ಡಬ್ಬ ತುಂಬಿ ವಾಪಸ್ ಬಂತು. ಸೊಳ್ಳೆ ಕಚ್ಚಿದರೆ ಬರುತ್ತಾ? ಕಟಿಂಗ್ ಶಾಪಿನ ಬ್ಲೇಡಿನಿಂದ? ಒಂದು ಚೀಟಿಯನ್ನು ಉಗುರಿನಷ್ಟಾಗುವ ತನಕ ಮಡಚಿದ್ದರು. 'ನಮ್ಮ ಚಿಕ್ಕಪ್ಪನಿಗೆ ಇದೆ. ತಟ್ಟೆ ಲೋಟ ಬೇರೆ ಇಟ್ಟಿದ್ದಾರೆ. ಅವರ ಜೊತೆ ಕೂತು ನಾನು ಊಟ ಮಾಡಬಹುದಾ?'

ಧಾರಾಳವಾಗಿ ಮಾಡಬಹುದು, ಅದೇ ತಟ್ಟೆಯಲ್ಲೂ ಮಾಡಬಹುದು ಅಂದರು ಆಕೆ. ಮುಟ್ಟಿದರೆ, ಸೊಳ್ಳೆ ಕಚ್ಚಿದರೆ ಬರುವುದಿಲ್ಲ. ಬರುವುದು ಕಾಂಡೋಮ್ ಇಲ್ಲದ ಲೈಂಗಿಕ ಸಂಪರ್ಕದಿಂದ, ಸೋಂಕಿರುವ ರಕ್ತ ಮತ್ತು ಸೂಜಿಯಿಂದ, ಚಿಕಿತ್ಸೆ ಸಿಗದ ತಾಯಿಯಿಂದ ಮಗುವಿಗೆ. ಬ್ಲೇಡ್ ಮಾತ್ರ ಪ್ರತಿ ಸಲ ಹೊಸದು ಹಾಕಿಸಿಕೊಳ್ಳಿ. ಸೋಂಕಿರುವವರು ದಿನವೂ ಅದರ ಮಾತ್ರೆ ತೆಗೆದುಕೊಂಡು, ಪರೀಕ್ಷೆಯಲ್ಲಿ ಸಿಗದಷ್ಟು ವೈರಸ್ ಇಳಿದು ಹಾಗೇ ಉಳಿದರೆ, ಲೈಂಗಿಕ ಸಂಪರ್ಕದಿಂದಲೂ ಅದು ಹರಡುವುದಿಲ್ಲ. ಆ ಮಾತ್ರೆಯನ್ನು ಸರ್ಕಾರ 2004ರಿಂದ ಪುಕ್ಕಟೆ ಕೊಡುತ್ತಿದೆ. ಸಭಾಂಗಣದಲ್ಲಿ ಅಷ್ಟು ಹೊತ್ತು ಯಾರೂ ಉಸಿರೆತ್ತಲಿಲ್ಲ.

ಇಲ್ಲದ ಯೋಚನೆ ಅಂದಿರಲ್ಲ, ಅದು ನಾವು ಬಾಯಿ ಬಿಡುವ ಮೊದಲೇ ಆ ಡಬ್ಬದಲ್ಲಿತ್ತು.

ಭಾರತದಲ್ಲಿ ಈ ಸೋಂಕು ಮೊದಲು ಪತ್ತೆಯಾದದ್ದು 1986ರಲ್ಲಿ, ಪಕ್ಕದ ಚೆನ್ನೈನಲ್ಲಿ. ಇಷ್ಟು ವರ್ಷವಾದ ಮೇಲೂ, 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಇದರ ಬಗ್ಗೆ ಸರಿಯಾದ, ಪೂರ್ತಿ ತಿಳಿವಳಿಕೆ ಕಂಡದ್ದು ದೇಶದ ಹೆಂಗಸರಲ್ಲಿ ಶೇ. 21.6, ಗಂಡಸರಲ್ಲಿ ಶೇ. 30.7 ಜನರಿಗೆ ಮಾತ್ರ. ಆಗದೆ ಏನು? ಶಾಲೆಗಳಿಗೆಂದೇ ಬಂದ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು 2007ರಲ್ಲಿ ತಡೆಹಿಡಿದ ರಾಜ್ಯಗಳಲ್ಲಿ ನಮ್ಮದೂ ಒಂದು. ಸಂತಾನೋತ್ಪತ್ತಿಯ ಪಾಠ ಬಂದರೆ 'ಮನೇಲಿ ಓದ್ಕೊಳ್ಳಿ' ಅಂತ ಹಾಳೆ ಮಗುಚುವ ಮೇಷ್ಟ್ರುಗಳು ಈಗಲೂ ಇದ್ದಾರೆ. ಮನೆಯಲ್ಲಿ ಕೇಳಿದರೆ 'ಸುಮ್ನಿರು'. ಪತ್ರಿಕೆಯವರಾದ ನಾವೂ ವರ್ಷಗಟ್ಟಲೆ 'ಮಹಾಮಾರಿ' ಅಂತ ದಪ್ಪಕ್ಷರದಲ್ಲಿ ಹಾಕಿ ಹೆದರಿಸಿದೆವೇ ಹೊರತು, ಆ ಚಿಕ್ಕಪ್ಪನ ತಟ್ಟೆಯ ಬಗ್ಗೆ ನಾಲ್ಕು ಸಾಲು ಬರೆಯಲಿಲ್ಲ. ಉಳಿದದ್ದು ಮೊಬೈಲ್. ಅಲ್ಲಿ ಏನೇನು ಸಿಗುತ್ತದೆ ಅಂತ ನಿಮಗೂ ಗೊತ್ತು.

ನಿಮ್ಮ ಪತ್ರದಲ್ಲಿ ನನಗೆ ತುಂಬ ಇಷ್ಟವಾದದ್ದು ಒಂದಿದೆ. ಮಗಳು ಮನೆಗೆ ಬಂದು ನಿಮಗೇ ಹೇಳಿದಳು. ಎಷ್ಟು ತಾಯಂದಿರಿಗೆ ಸಿಗುತ್ತದೆ ಈ ಭಾಗ್ಯ? ಗದರಬೇಡಿ. ಇನ್ನೇನು ಹೇಳಿದರು ಅಂತ ಕೇಳಿ. ನಿಮಗೇ ಗೊತ್ತಿಲ್ಲದ್ದು ಬಂದರೆ ಇಬ್ಬರೂ ಕೂತು ಏಡ್ಸ್ ಸಹಾಯವಾಣಿ 1097ಕ್ಕೆ ಫೋನ್ ಮಾಡಿ. ದುಡ್ಡು ಬೀಳುವುದಿಲ್ಲ.
– ಸಂಪಾದಕ