ಒಂದೇ ಧಾತುವಿನ ಹಿಂದೆ ಮೂವತ್ತು ವರ್ಷ

ಪ್ರಶ್ನೆ: ನಾನು ರಸಾಯನಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿನಿ. 2010ರ ನೊಬೆಲ್ ಪುರಸ್ಕಾರ ಪಡೆದವರಲ್ಲೊಬ್ಬರಾದ ಅಕಿರ ಸುಜುಕಿಯವರು ವೃತ್ತಿಜೀವನದ ಬಹುಭಾಗವನ್ನು ಬೋರಾನ್ ಸಂಯುಕ್ತಗಳಿಗೇ ಮೀಸಲಿಟ್ಟರೆಂದು ಓದಿದೆ. ಎರಡು ಇಂಗಾಲದ ಪರಮಾಣುಗಳನ್ನು ಜೋಡಿಸುವ ಒಂದು ಕ್ರಿಯೆಗೆ ಅಷ್ಟು ವರ್ಷ ಬೇಕೇ? ಅದರಲ್ಲಿ ಕ್ರಿಯಾವರ್ಧಕದ, ಅಂದರೆ ತಾನು ಖರ್ಚಾಗದೆ ಕ್ರಿಯೆಯನ್ನು ಚುರುಕುಗೊಳಿಸುವ ವಸ್ತುವಿನ, ಪಾಲೇನು?

ಉತ್ತರ: ಬೇಕಾಯಿತು. ಆ ವರ್ಷಗಳು ಯಾವುದಕ್ಕೆ ಹೋದವು ಎಂದು ನೋಡಿದರೆ ನಿಮ್ಮ ಎರಡನೆಯ ಪ್ರಶ್ನೆಗೂ ಉತ್ತರ ಸಿಗುತ್ತದೆ.

ಎರಡು ಬೆಂಜೀನ್ ಉಂಗುರಗಳನ್ನು (ಆರು ಇಂಗಾಲದ ಪರಮಾಣುಗಳ ಬಳೆಗಳನ್ನು) ನೇರವಾಗಿ ಜೋಡಿಸಬೇಕೆಂದವರಿಗೆ ಬಹುಕಾಲ ಆಸರೆಯಾಗಿದ್ದುದು 1901ರ ಉಲ್‌ಮನ್ ಕ್ರಿಯೆ. ತಾಮ್ರದ ಪುಡಿಯನ್ನು ಧಾರಾಳವಾಗಿ ಬೆರೆಸಿ, ಸುಮಾರು 200 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಬೇಕಿತ್ತು. ಅಷ್ಟು ಕಾವಿಗೆ ಅಣುವಿನ ನಾಜೂಕಾದ ಭಾಗಗಳು ಉಳಿಯುವುದಿಲ್ಲ. ಬೇರೆ ಬೇರೆ ಉಂಗುರಗಳನ್ನು ಕೂಡಿಸಲು ಹೊರಟರೆ ಒಂದೇ ಬಗೆಯವು ತಮ್ಮತಮ್ಮಲ್ಲೇ ಕೂಡಿಕೊಂಡು ಮಿಶ್ರಣವಾಗುತ್ತದೆ. ಇಂಗಾಲಕ್ಕೆ ಮೆಗ್ನೀಸಿಯಂ ಅಂಟಿಸಿದ ಗ್ರಿನ್ಯಾರ್ ಕಾರಕವೇನೋ ಚುರುಕು, ಆದರೆ ನೀರು ತಾಗಿದರೆ ಕೆಡುತ್ತದೆ.

ಸುಜುಕಿಯವರು 1963ರಿಂದ 1965ರವರೆಗೆ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಹರ್ಬರ್ಟ್ ಬ್ರೌನ್ ಅವರ ಬಳಿ ಬೋರಾನ್ ರಸಾಯನಶಾಸ್ತ್ರವನ್ನು ಕಲಿತು, ಜಪಾನಿನ ಹೊಕ್ಕೈಡೊ ವಿಶ್ವವಿದ್ಯಾಲಯಕ್ಕೆ ಮರಳಿದರು. ಇಂಗಾಲಕ್ಕೆ ಬೋರಾನ್ ಅಂಟಿರುವ ಬೊರಾನಿಕ್ ಆಮ್ಲಗಳಂಥ ಸಂಯುಕ್ತಗಳು ಗಾಳಿಗೂ ನೀರಿಗೂ ಸಾಮಾನ್ಯವಾಗಿ ಜಗ್ಗುವುದಿಲ್ಲ, ವಿಷವೂ ಕಡಿಮೆ. ಆದರೆ ಅಷ್ಟು ಜಡವಾದದ್ದು ತನ್ನ ಇಂಗಾಲವನ್ನು ಇನ್ನೊಂದಕ್ಕೆ ಬಿಟ್ಟುಕೊಡುವುದೇ ಎಂಬ ಸಂದೇಹ ಬಲವಾಗಿತ್ತು. ಬಿಟ್ಟುಕೊಡುವಂತೆ ಮಾಡಬಹುದೆಂದು ಅವರು ನೊರಿಯೊ ಮಿಯೌರ ಅವರೊಂದಿಗೆ ಪ್ರಕಟಿಸಿದ್ದು 1979ರಲ್ಲಿ, ಅಂದರೆ ಪರ್ಡ್ಯೂ ಬಿಟ್ಟ ಹದಿನಾಲ್ಕು ವರ್ಷಗಳ ನಂತರ. ಎರಡು ಬೆಂಜೀನ್ ಉಂಗುರಗಳ ಜೋಡಣೆ ಕೈಗೂಡಿದ್ದು 1981ರಲ್ಲಿ.

ಕ್ರಿಯಾವರ್ಧಕವಾದ ಪಲ್ಲಾಡಿಯಂ ಇಲ್ಲಿ ಮೂರು ಹೆಜ್ಜೆಗಳಲ್ಲಿ ಕೆಲಸ ಮಾಡುತ್ತದೆ. ಜೋಡಿಸಬೇಕಾದ ಎರಡು ಅಣುಗಳಲ್ಲಿ ಒಂದರ ಇಂಗಾಲಕ್ಕೆ ಬೋರಾನ್, ಇನ್ನೊಂದರ ಇಂಗಾಲಕ್ಕೆ ಬ್ರೋಮಿನ್‌ನಂಥದ್ದು ಅಂಟಿರುತ್ತದೆ. ಪಲ್ಲಾಡಿಯಂ ಮೊದಲು ಇಂಗಾಲ ಮತ್ತು ಬ್ರೋಮಿನ್ ನಡುವಿನ ಬಂಧದೊಳಗೆ ನುಗ್ಗಿ ಎರಡನ್ನೂ ತನ್ನ ಮೇಲೆ ಹೊರುತ್ತದೆ. ಬಳಿಕ ಬೋರಾನ್‌ನಿಂದ ಎರಡನೆಯ ಇಂಗಾಲವನ್ನು ಪಡೆಯುತ್ತದೆ. ಕೊನೆಗೆ ಎರಡು ಇಂಗಾಲಗಳನ್ನೂ ಒಂದಕ್ಕೊಂದು ಬೆಸೆದು ಬಿಟ್ಟು, ಮತ್ತೆ ಮೊದಲಿನ ರೂಪಕ್ಕೆ ಬರುತ್ತದೆ. ಹೀಗೆ ಹಿಂದಿರುಗುವುದರಿಂದಲೇ ನೂರು ಅಣುಗಳಿಗೆ ಒಂದೆರಡು ಪರಮಾಣು ಪಲ್ಲಾಡಿಯಂ ಸಾಕಾಗುತ್ತದೆ. ತೊಡಕಿದ್ದದ್ದು ನಡುವಿನ ಹೆಜ್ಜೆಯಲ್ಲಿ. ಅದನ್ನು ಬಿಡಿಸಿದ್ದು ಪ್ರತ್ಯಾಮ್ಲ. ಸುಜುಕಿ ಮತ್ತು ಮಿಯೌರ ಅವರ ಈ ಸೇರ್ಪಡೆಯನ್ನು ನಾನು ಪಲ್ಲಾಡಿಯಂನಷ್ಟೇ ಮುಖ್ಯವೆಂದು ಎಣಿಸುತ್ತೇನೆ. ಪ್ರತ್ಯಾಮ್ಲವು ಬೋರಾನ್‌ಗೆ ಅಂಟಿ ಅದರ ಇಂಗಾಲವನ್ನು ಸಡಿಲಿಸುತ್ತದೆಯೋ, ಅಥವಾ ಪಲ್ಲಾಡಿಯಂ ಮೇಲೆ ಕುಳಿತು ಬೋರಾನನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತದೆಯೋ ಎಂಬ ಚರ್ಚೆ ಆಮೇಲೂ ದಶಕಗಳ ಕಾಲ ನಡೆಯಿತು.

ಪ್ರಯೋಗಾಲಯದಲ್ಲಿ ಇದನ್ನು ಒಮ್ಮೆ ಕಣ್ಣಾರೆ ನೋಡಿ. ಸಾಮಾನ್ಯವಾಗಿ ಬಳಸುವ ಪಲ್ಲಾಡಿಯಂ ಸಂಕೀರ್ಣವೊಂದು ಹಳದಿ ಬಣ್ಣದ ಹರಳು. ಫ್ಲಾಸ್ಕಿನೊಳಗಿನ ಗಾಳಿಯನ್ನು ಆರ್ಗಾನ್‌ನಿಂದ ಸರಿಯಾಗಿ ಹೊರಹಾಕದಿದ್ದರೆ ದ್ರಾವಣ ಕಂದಾಗುತ್ತಾ ಹೋಗಿ ತಳದಲ್ಲಿ ಲೋಹದ ಕಪ್ಪು ಪುಡಿ ಕೂರುತ್ತದೆ. ಬಹಳಷ್ಟು ಸಲ ಕ್ರಿಯೆ ಅಲ್ಲಿಗೇ ನಿಂತುಬಿಡುತ್ತದೆ. ಎಲ್ಲವೂ ಸರಿಯಿದ್ದರೆ, ಗಂಟೆಗೊಮ್ಮೆ ತೆಗೆದ ಹನಿಯನ್ನು ಟಿಎಲ್‌ಸಿ ಫಲಕದ (ಮಿಶ್ರಣದ ವಸ್ತುಗಳನ್ನು ಬೇರೆ ಬೇರೆ ಚುಕ್ಕೆಗಳಾಗಿ ಬಿಡಿಸುವ ತೆಳುಪದರದ ಫಲಕ) ಮೇಲೆ ಹರಿಸಿ ಅತಿನೇರಳೆ ದೀಪದಡಿ ಹಿಡಿದಾಗ, ಮೂಲವಸ್ತುವಿನ ಚುಕ್ಕೆ ಮಸುಕಾಗಿ ಹೊಸ ಚುಕ್ಕೆಯೊಂದು ಗಾಢವಾಗುತ್ತಿರುವುದು ಕಾಣುತ್ತದೆ. ದ್ರಾವಕ, ಪ್ರತ್ಯಾಮ್ಲ, ಲಿಗ್ಯಾಂಡ್ (ಪಲ್ಲಾಡಿಯಂಗೆ ಅಂಟಿ ಅದರ ವರ್ತನೆಯನ್ನು ತಿದ್ದುವ ಅಣು), ಉಷ್ಣತೆ ಇವುಗಳಲ್ಲಿ ಒಂದೊಂದನ್ನೇ ಬದಲಿಸಿ, ಇಳುವರಿಯನ್ನು ಪಟ್ಟಿಮಾಡುತ್ತಾ ಕೂರುವುದೇ ಈ ಕ್ಷೇತ್ರದ ಸಂಶೋಧಕರ ದಿನಚರಿ. ನೀವು ಕೇಳಿದ ವರ್ಷಗಳು ಹೆಚ್ಚಾಗಿ ಆ ಪಟ್ಟಿಗಳಲ್ಲಿಯೇ ಕಳೆಯುತ್ತವೆ, ಮತ್ತು ಕೆಟ್ಟ ಇಳುವರಿಯ ಸಾಲುಗಳನ್ನೂ ಅಳಿಸದೆ ಬರೆದಿಡಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಸುಜುಕಿಯವರು ಈ ಕ್ರಿಯೆಗೆ ಪೇಟೆಂಟ್ ಪಡೆಯಲಿಲ್ಲ. ಅದು ಬೇಗ ಹರಡಲು ಇದೂ ಒಂದು ಕಾರಣ. ರಕ್ತದೊತ್ತಡದ ಲೊಸಾರ್ಟಾನ್ ಔಷಧಿಯ ಎರಡು ಉಂಗುರಗಳನ್ನೂ, ಬಾಸ್ಕಾಲಿಡ್ ಎಂಬ ಶಿಲೀಂಧ್ರನಾಶಕವನ್ನೂ ಕಾರ್ಖಾನೆಗಳಲ್ಲಿ ಈ ವಿಧಾನದಿಂದ ಜೋಡಿಸಿದ್ದಾರೆ.

ಆದರೂ ಕೆಲಸ ಮುಗಿದಿಲ್ಲ. ಪಲ್ಲಾಡಿಯಂ ವಿರಳ, ದುಬಾರಿ. ನುಂಗುವ ಔಷಧಿಯ ಮೂಲಕ ದೇಹ ಸೇರಬಹುದಾದ ಅದರ ಪ್ರಮಾಣಕ್ಕೆ ದಿನಕ್ಕೆ 100 ಮೈಕ್ರೋಗ್ರಾಂ ಎಂಬ ಅಂತರರಾಷ್ಟ್ರೀಯ ಮಿತಿಯಿರುವುದರಿಂದ ಉಳಿಕೆಯನ್ನು ತೆಗೆಯುವುದೇ ಇನ್ನೊಂದು ದುಡಿಮೆ. ಹಾಗಾಗಿ ನಿಕ್ಕೆಲ್, ಕಬ್ಬಿಣಗಳಿಂದ ಇದೇ ಕೆಲಸ ಮಾಡಿಸುವ ಪ್ರಯತ್ನಗಳು ನಡೆಯುತ್ತಿವೆ. ನೀವು ಸಂಶೋಧನೆಗೆ ಸೇರುವುದಾದರೆ ಅಲ್ಲಿ ನಿಮಗೆ ಬೇಕಾದಷ್ಟು ಕೆಲಸವಿದೆ.