ತೂಬಿನೊಳಗೆ ಅಕ್ಕಿ ಕೇರುವ ಸದ್ದು

ಪ್ರಿಯ ಸೋದರಿ,

ತೊಣ್ಣೂರು ಕೆರೆಯ ಜಲಪರಿಯರನ್ನು ಕುರಿತ ನಿಮ್ಮ ಕಥೆ ಓದಿದೆ. ಭಾಷೆ ಶುದ್ಧವಾಗಿದೆ, ಅಜ್ಜಿಯ ಪಾತ್ರ ಚೆನ್ನಾಗಿದೆ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದೂ ಸಿಟ್ಟು ಬರಿಸಿದ್ದೂ ಒಂದೇ ಪುಟ. ಅದರ ಬಗ್ಗೆ ಮಾತ್ರ ಬರೆಯುತ್ತೇನೆ.

ಮೂರನೇ ಪುಟದಲ್ಲಿ ಹುಡುಗಿ ಕೆರೆಯ ಏರಿ ಇಳಿದು, ಗದ್ದೆಗೆ ನೀರು ಬಿಡುವ ತೂಬಿನ ಹತ್ತಿರ ಬರುತ್ತಾಳೆ. "ತೂಬಿನ ಕಲ್ಲಿಗೆ ಕಿವಿಯಿಟ್ಟಳು. ಒಳಗೆ ಯಾರೋ ಅಕ್ಕಿ ಕೇರುವ ಸದ್ದು." ಇದನ್ನು ಓದಿ ಹಾಳೆ ಕೆಳಗಿಟ್ಟೆ. ನೀರೊಳಗೂ ಒಂದು ಮನೆಯಿದೆ, ಅಲ್ಲೂ ಒಲೆ ಹಚ್ಚುವ ಹೊತ್ತಾಗಿದೆ ಎಂದು ನಂಬಿಬಿಟ್ಟೆ.

ಮುಂದಿನ ಸಾಲು: "ಹವಳದ ಅರಮನೆಯಲ್ಲಿ ಪರಿಯರು ಡಾಲ್ಫಿನ್ ಏರಿ ವಿಹರಿಸುತ್ತಿದ್ದರು." ಅಕ್ಕಿ ಕೇರುತ್ತಿದ್ದವಳು ಎಲ್ಲಿ ಹೋದಳು? ಹವಳ ಸಮುದ್ರದ್ದು. ಪಾಂಡವಪುರ ತಾಲ್ಲೂಕಿನ ಕೆರೆಯಲ್ಲಿ ಗೆಂಡೆಮೀನಿದೆ, ಏಡಿಯಿದೆ, ಬಸವನಹುಳುವಿನ ಚಿಪ್ಪಿದೆ. ಆ ಕೆರೆಗೆ ಮೋತಿ ತಲಾಬ್ ಎಂಬ ಹೆಸರೂ ಇದೆ. ಮುತ್ತಿನ ಕೆರೆ ಅಂತ, ಅದರ ತಿಳಿನೀರಿಗೆ ಬಂದ ಹೆಸರು. ಮುತ್ತು ಕೈಯಲ್ಲಿದ್ದೂ ಹವಳಕ್ಕೆಂದು ಕಡಲಿಗೆ ಹೋದಿರಿ. ('ಪರಿ' ಪಾರಸಿಯ ಮಾತು, ಅದಕ್ಕೆ ನನ್ನ ತಕರಾರಿಲ್ಲ. ಬಂದು ನಮ್ಮದಾಗಿದೆ.)

ಇನ್ನು ಕೊನೆ. "ಪರಿ ಮಾಯಾದಂಡ ಬೀಸಿದಳು. ಕ್ಷಣಾರ್ಧದಲ್ಲಿ ಬತ್ತಿದ ಕೆರೆ ತುಂಬಿತು. ರೈತರು ಕುಣಿದಾಡಿದರು." ಬೀಸಿದಳು ಸರಿ, ಯಾಕೆ ಬೀಸಿದಳು? ಅವಳಿಗೇನು ಬೇಕಿತ್ತು? ಕ್ಷಣಾರ್ಧದಲ್ಲಿ ಅಷ್ಟು ನೀರು ನುಗ್ಗಿದರೆ ಕೋಡಿ ತಡೆಯುವುದಿಲ್ಲ, ಏರಿ ಒಡೆಯುತ್ತದೆ, ಕುಣಿಯಬೇಕಾದವನ ಗದ್ದೆಯೇ ಕೊಚ್ಚಿಹೋಗುತ್ತದೆ. ನಮ್ಮ ಸೀಮೆಯಲ್ಲಿ ನೀರು ಯಾರಿಗೂ ಬಿಟ್ಟಿ ಬಂದದ್ದಲ್ಲ. ಕೆರೆಗೆ ನೀರು ಬರಲೆಂದು ಕಿರಿಸೊಸೆ ಭಾಗೀರಥಿಯನ್ನೇ ಕೊಟ್ಟ ಕಥೆಯನ್ನು ಹಾಡಿಕೊಂಡು ಬಂದವರು ನಾವು. ಕನ್ನಂಬಾಡಿ ಕಟ್ಟೆ ತುಂಬಿ 124.80 ಅಡಿ ಮುಟ್ಟಿದರೆ ಇವತ್ತಿಗೂ ಕಾವೇರಿಗೆ ಮೊರದ ಬಾಗಿನ ಕೊಡುತ್ತಾರೆ. ನಿಮ್ಮ ಪರಿ ಏನನ್ನೂ ಕೇಳುವುದಿಲ್ಲ, ಏನನ್ನೂ ಕಳೆದುಕೊಳ್ಳುವುದಿಲ್ಲ. ಹಾಗಾಗಿ ಅವಳ ಮಾಯೆಯನ್ನು ನಾನು ನಂಬಲಿಲ್ಲ.

ನನ್ನ ಮೊದಲ ಕಥೆಯೂ ಜಲಕನ್ಯೆಯದೇ. ಮೈಸೂರಿನಲ್ಲಿ ಒಬ್ಬ ಹಿರಿಯ ಸಂಪಾದಕರ ಕೈಗೆ ಕೊಟ್ಟಾಗ ಒಂದೇ ಪುಟ ಓದಿ, "ನಿಮ್ಮೂರ ಕೆರೆಗೆ ಎಷ್ಟು ತೂಬಪ್ಪಾ?" ಅಂದರು. ನನಗೆ ಗೊತ್ತಿರಲಿಲ್ಲ. ಹಾಳೆ ಮಡಚಿ ವಾಪಸ್ ಕೊಟ್ಟರು. ಮಂಡ್ಯದವರೆಗೂ ಬಸ್ಸಿನಲ್ಲಿ ಕಣ್ಣೀರು ತಡೆದುಕೊಂಡು ಬಂದೆ. ಆಮೇಲೆ ಆ ಬೇಸಿಗೆಯೆಲ್ಲ, ಗದ್ದೆಗಳಿಗೆ ನೀರು ಹಂಚುವ ಊರಿನ ನೀರಗಂಟಿಯ ಹಿಂದೆ ತಿರುಗಿದೆ. ಕೊನೇ ಗದ್ದೆಗೆ ನೀರು ಮುಟ್ಟುವುದು ಯಾವ ಜಾವಕ್ಕೆ, ತೂಬಿನ ಬಾಯಲ್ಲಿ ಸುಳಿ ಯಾವ ಕಡೆ ತಿರುಗುತ್ತದೆ, ಎಲ್ಲ ತೋರಿಸಿದ. ತೂಬಿಗೆ ಇಳಿಯುವ ಮುಂಚೆ ಚಪ್ಪಲಿ ಬಿಡುತ್ತಿದ್ದ. ಯಾಕೆ ಅಂತ ಕೇಳಿದ್ದಕ್ಕೆ, "ಒಳಗೆ ಹೆಣ್ಮಕ್ಳವ್ರೆ" ಅಂದ. ನನ್ನ ಹನ್ನೆರಡು ಪುಟದಲ್ಲಿ ಇಲ್ಲದ ಜಲಕನ್ಯೆ ಅವನ ಆ ಎರಡು ಮಾತಿನಲ್ಲಿದ್ದಳು.

ನೀವು ಅಂಥ ಒಂದು ಸಾಲು ಆಗಲೇ ಬರೆದಿದ್ದೀರಿ, ಅದಕ್ಕೇ ಇಷ್ಟು ಸಂಕಟ. ಇಷ್ಟು ವರ್ಷ ಹೆಂಗಸರು ನೀರಿಗೆ ಬಿಟ್ಟ ಬಾಗಿನದ ಮೊರಗಳೆಲ್ಲ ಎಲ್ಲಿಗೆ ಹೋದವು? ತೂಬಿನೊಳಗಿನವಳ ಕೈಯಲ್ಲಿರುವುದು ಅದರಲ್ಲೊಂದು ಅಂತ ನನಗನ್ನಿಸಿತು. ನಿಮಗೆ ಬೇರೆ ಏನಾದರೂ ಕಾಣಬಹುದು. ಅಲ್ಲೇ ಕಿವಿಯಿಟ್ಟು ಇನ್ನಷ್ಟು ಹೊತ್ತು ಕೂತು, ಆ ಸಾಲಿನಿಂದ ಮುಂದಕ್ಕೆ ಮತ್ತೆ ಬರೆದು ಕಳಿಸಿ. ಮೊದಲ ಎರಡು ಪುಟ ಹಾಗೇ ಇರಲಿ.