ವಾಪಸ್ ಬರುತ್ತೇನೆ ಅಂತ ಬರೆದರೆ ವೀಸಾ ಸಿಗುತ್ತಾ?

ಪ್ರಶ್ನೆ: ಮೂಡಿಗೆರೆ ಹತ್ತಿರ ನಮ್ಮದು ಆರು ಎಕರೆ ಕಾಫಿ ತೋಟ. ಬಿಎಸ್ಸಿ ಮುಗಿಸಿದ್ದೇನೆ. ಫುಡ್ ಸೈನ್ಸ್ ಓದಲು ಆಸ್ಟ್ರೇಲಿಯಾಕ್ಕೆ ಹೋಗಬೇಕು. ಏಜೆಂಟರು ವೀಸಾ ಅರ್ಜಿಗೆಂದು, ಓದು ಮುಗಿಸಿ ವಾಪಸ್ ಬರುತ್ತೇನೆ ಎಂಬ ಒಂದು ರೆಡಿಮೇಡ್ ಪತ್ರ ಕೊಟ್ಟು, ಹೆಸರು ಬದಲಿಸಿದರೆ ಸಾಕು ಎನ್ನುತ್ತಾರೆ. ಕಳಿಸಲೇ?
– ಓದುಗಿ, ಮೂಡಿಗೆರೆ

ಉತ್ತರ: ಬೇಡಮ್ಮ. ನನ್ನ ಮಗ ಹಾಗೇ ಮಾಡಿ ಕೆಟ್ಟ. ಯಾರದೋ ಪತ್ರ ಇವನಿಗೆ ಅಂಟಿಸಿದ್ದರು. ಸಕಲೇಶಪುರದ ನಮ್ಮ ಕಾಫಿ ತೋಟ ಅದರಲ್ಲಿ ಟೀ ಎಸ್ಟೇಟ್ ಆಗಿತ್ತು! ವೀಸಾ ಸಿಗಲಿಲ್ಲ.

ಅಲ್ಲದೆ, ಸ್ವಲ್ಪ ಕಾಲಕ್ಕಷ್ಟೇ ಬರುತ್ತೇನೆ ಎಂದು ತೋರಿಸುವ ಆ ಜಿಟಿಇ (ಜೆನ್ಯೂಯಿನ್ ಟೆಂಪರರಿ ಎಂಟ್ರಂಟ್) ನಿಯಮವೇ 2024ರ ಮಾರ್ಚ್ 23ರಿಂದ ಹೋಗಿದೆ. ಈಗ 'ಜೆನ್ಯೂಯಿನ್ ಸ್ಟೂಡೆಂಟ್' ಪ್ರಶ್ನೆಗಳು, ಅಂದರೆ ನಿಜವಾಗಿ ಓದಲೆಂದೇ ಬರುತ್ತೀರಾ ಅಂತ ನೋಡುವ ಪ್ರಶ್ನೆಗಳು. ಅರ್ಜಿಯಲ್ಲೇ ಇಂಗ್ಲಿಷಿನಲ್ಲಿ ಉತ್ತರಿಸಬೇಕು, ಒಂದೊಂದಕ್ಕೆ 150 ಪದದ ಮಿತಿ. 'ಖಂಡಿತ ವಾಪಸ್ ಬರುತ್ತೇನೆ' ಅಂತ ಸುಮ್ನೆ ಜಾಗ ತುಂಬಿಸಬೇಡಿ. ಕಣದಲ್ಲಿ ಹರಡಿದ ಹಣ್ಣು ಅಕಾಲದ ಮಳೆಗೆ ನೆನೆದು ಬೂಸ್ಟು ಹಿಡಿದು ರೇಟ್ ಬಿದ್ದ ವರ್ಷ ನಿಮ್ಮ ಮನೆಯಲ್ಲೂ ಇರುತ್ತದೆ, ಅಲ್ವಾ? ಅದನ್ನು ಬರೆಯಿರಿ. ಕೋರ್ಸಿನ ಯಾವ ವಿಷಯ ಅದಕ್ಕೆ ಉಪಯೋಗ ಅಂತ ಹೆಸರು ಹಿಡಿದು ಹೇಳಿ. ಪಹಣಿ, ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆಗಿಡಿ. ಪಹಣಿ ಕನ್ನಡದಲ್ಲಿರುತ್ತದೆ, ಇಂಗ್ಲಿಷ್ ಅನುವಾದ ಮಾಡಿಸಿ. ಓದಿನ ನಡುವೆ ಗ್ಯಾಪ್ ಇದ್ದರೆ ಮುಚ್ಚಿಡಬೇಡಿ, ತೋಟ ನೋಡಿಕೊಂಡೆ ಎಂದರೆ ಅವಮಾನವೇನಿಲ್ಲ.